ಮಾಲು ಮಾಲಕಗ

ಟೇಪ್‌ರೆಕಾರ್ಡರಿನ ಗುಂಡಿ ಟಪ್ಪಂತ ಮೇಲೆದ್ದಿತಂತೆ. ಕ್ಯಾಸೆಟ್ಟಿನ ಒಂದು ಬಾಜು ಮುಗಿದರೆ ಅವರು ಒಡನೆ ಎದ್ದು ಅದನ್ನು ತಿರುವಿ ಹಾಕುವವರು. ಆ ಮಧ್ಯಾಹ್ನ ಏಳಲಿಲ್ಲ. ಅವರ ಮನೆಯವರು ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದರು. ಗುಂಡಿಯ ಸಪ್ಪಳ ಕೇಳಿ, ಅದರ ಹಿಂದೆಯೇ ಬರಬೇಕಾದ ಕುರ್ಚಿಯ ಸಪ್ಪಳಕ್ಕೆ ಕಾದು, ಅದು ಬರದಿದ್ದಾಗ ಮೊರ ಬದಿಗಿಟ್ಟು ಪಡಸಾಲೆಗೆ ಬಂದು ನೋಡಿದರು. ಆಮೇಲೆ ನಮ್ಮ ಬಾಗಿಲಿಗೆ ಬಂದರು. ಅಳುತ್ತಿರಲಿಲ್ಲ. “ಮಾಸ್ತರ, ನಿಮ್ಮ ಸಾಹೇಬ್ರು ಏಳವಲ್ರು,” ಎಂದರು.

ಹೆಸರು ಬರೆಯುವುದಿಲ್ಲ. ಬಾಗಲಕೋಟೆಯ ಹಳೇ ಊರಿನ ನಮ್ಮ ಓಣಿಯಲ್ಲಿ ಅವರ ಹೆಸರು ಎಷ್ಟು ಮಂದಿಗೆ ಗೊತ್ತಿತ್ತೋ ನಾ ಕಾಣೆ. ಎಲ್ಲರಿಗೂ ಅವರು ಫೌಜದಾರ ಸಾಹೇಬರು. ಪೊಲೀಸ ಖಾತೆಯಿಂದ ನಿವೃತ್ತರಾಗಿ ಬಂದ ಮೇಲೂ ಫೌಜದಾರರೇ, ತರಕಾರಿ ಚೀಲ ಹಿಡಿದು ನಿಂತಾಗಲೂ ಫೌಜದಾರರೇ. ಗಿಡ್ಡ ಆಳು, ದೊಡ್ಡ ಹೊಟ್ಟೆ, ಹಣೆ ತುಂಬ ವಿಭೂತಿ. ಮೀಸೆ ಮಾತ್ರ ಖಾತೆಗೆ ತಕ್ಕದ್ದಲ್ಲ, ಇಲಿಬಾಲದಷ್ಟು ತೆಳ್ಳಗೆ. ಬರೆಯುವಾಗ ಪೆನ್ನಿನ ಮುಳ್ಳಿಗೆ ಶಾಯಿ ಹೆಚ್ಚಾದರೆ ತಲೆಗೂದಲಿಗೆ ಒರೆಸಿಕೊಳ್ಳುವ ರೂಢಿ ಇತ್ತು. ಹಾಗಾಗಿ ತಲೆಯೆಲ್ಲ ಹತ್ತಿಯಾದ ಮೇಲೂ ಎಡಗಿವಿಯ ಮೇಲಿನ ಕೂದಲು ನೀಲಿಯಾಗೇ ಇರುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿ ನೋಡಿ ಮುಸುಮುಸು ನಗುತ್ತಿದ್ದಳು.

ಓಣಿಯವರು ಅವರನ್ನು ದೊಡ್ಡ ಸಂಗೀತಪ್ರೇಮಿ ಅಂತ ತಿಳಿದಿದ್ದರು. ಶನಿವಾರ ತುಳಸಿಗೇರಿ ಹನಮಪ್ಪನಿಗೆ ಹೋಗಿ ಬರುವುದು ಬಿಟ್ಟರೆ ಉಳಿದ ಹೊತ್ತೆಲ್ಲ ಟೇಪ್‌ರೆಕಾರ್ಡರಿನ ಮುಂದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮುಚ್ಚಿಹೋದ ಅಂಗಡಿಗಳಲ್ಲಿ ಹಳೇ ಕ್ಯಾಸೆಟ್ಟು ಎಲ್ಲಿ ಕಂಡರೂ ತರುವವರು. ಸಿನಿಮಾ ಹಾಡು, ಭಜನೆ, ನಾಟಕದ ನಗೆಮಾತು, ಯಾರದೋ ಮದುವೆಯ ಬ್ಯಾಂಡು, ಏನಾದರೂ ಸರಿ. ಆದರೆ ಸಂಗೀತ ಕೇಳುವವನ ಮುಖ ಹೇಗಿರುತ್ತದೆ ನನಗೆ ಗೊತ್ತು. ಹಾಡು ನಡೆದಾಗ ಇವರು ಬೀದಿ ನೋಡುತ್ತಿದ್ದರು, ಹಲ್ಲಲ್ಲಿ ಕಡ್ಡಿ ಆಡಿಸುತ್ತಿದ್ದರು. ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಬರೇ ಸರಸರ ಅನ್ನುವ ಖಾಲಿ ಜಾಗ ಇರುತ್ತದಲ್ಲ, ಆಗ ಕಡ್ಡಿ ತೆಗೆದು, ಬಗ್ಗಿ, ಕಿವಿಯನ್ನು ಯಂತ್ರಕ್ಕೆ ಹಚ್ಚುತ್ತಿದ್ದರು. ಅವರು ಏನು ಹುಡುಕುತ್ತಿದ್ದಾರೆಂದು ಆ ಓಣಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ನಮ್ಮ ಗುರುತು ಇಳಕಲ್ಲಿನದು. ನಾನು ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಅವರು ಠಾಣೆಗೆ ಹೊಸದಾಗಿ ಬಂದ ಫೌಜದಾರರು. ಬಂದ ವಾರದಲ್ಲೇ ಶಾಲೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಾಸ್ತರ, ನೀವು ಸುಳ್ಳು ಹೇಳೂದಿಲ್ಲ ಅಂತ ಮಂದಿ ಅಂತಾರ. ನನಗ ಪಂಚರು ಬೇಕಾಗತಾರ,” ಎಂದರು. ಪೊಲೀಸರು ಮಾಲು ಹಿಡಿದಾಗ ಸಾಕ್ಷಿಗೆ ನಿಂತು ಪಂಚನಾಮೆಗೆ ಸಹಿ ಹಾಕುವವರೇ ಪಂಚರು. ನಾನು ಹೂಂ ಅಂದೆ. ಹೊಗಳಿದರೆ ಹಿಗ್ಗುವ ಜಾತಿ ನಮ್ಮದು. ಅಂದಿನಿಂದ ಇಳಕಲ್ಲಿನಲ್ಲಿ ಒಂದು ಕೊಡ ಕಳುವಾದರೂ ನನಗೆ ಕರೆ ಬರುತ್ತಿತ್ತು.

ಅವರಿಗೊಂದು ಮಾತಿತ್ತು, “ಮಾಲು ಮಾಲಕಗ.” ಕಳುವಿನ ಕೇಸೆಂದರೆ ಅವರ ಲೆಕ್ಕದಲ್ಲಿ ಕಳ್ಳನನ್ನು ಹಿಡಿಯುವುದಲ್ಲ, ವಸ್ತು ಯಾರದೋ ಅವರ ಕೈಗೆ ಮುಟ್ಟಿಸುವುದು. ಕಳ್ಳರು ಸಿಗುತ್ತಾರೆ, ಬಿಡುತ್ತಾರೆ, ಅದು ಕೋರ್ಟಿನ ಕೆಲಸ ಎನ್ನುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬಾದಾಮಿಯಲ್ಲಿ ಇದ್ದಾಗಿನ ಒಂದು ಹಂಡೆಯ ಕತೆಯನ್ನು ಚಹದ ಜೊತೆ ಎಷ್ಟು ಸಲ ಹೇಳಿದ್ದಾರೋ. ಒಂದು ತಾಮ್ರದ ಹಂಡೆಗೆ ಇಬ್ಬರು ಹೆಂಗಸರು ಜಗಳ ತಂದರಂತೆ. ಇಬ್ಬರೂ ಬಸವಣ್ಣನ ಆಣೆ ಹಾಕಿದರು. ಇವರು ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿಸಿ, ಹಂಡೆ ಎತ್ತಿ ಒಲೆಯ ಮೇಲೆ ಇಡ್ರಿ ಅಂದರು. ಒಬ್ಬಾಕೆ ತಡವಿದಳು. ಇನ್ನೊಬ್ಬಾಕೆ ತಡವಲೇ ಇಲ್ಲ, ಬಾಯಂಚಿನ ಒಂದು ತಗ್ಗಿಗೆ ಹೆಬ್ಬೆರಳು ಸೇರಿಸಿ ಸೀದಾ ಎತ್ತಿದಳು. “ಆ ತಗ್ಗು ಆಕಿ ಬೆರಳಿಂದನ ಬಿದ್ದದ್ದು ಮಾಸ್ತರ. ಮಾಲಿಗೆ ಮಾಲಕ ಗೊತ್ತಿರತಾನ,” ಎಂದು ಚಹವನ್ನು ಬಸಿಗೆ ಸುರುವಿಕೊಂಡು ಸೊರ್ರೆಂದು ಹೀರುತ್ತಿದ್ದರು.

ಆ ಮಾತಿಗೆ ಮೊದಲ ಪೆಟ್ಟು ಬಿದ್ದದ್ದು ನೇಕಾರರಿಂದ. ಒಂದು ದಿನ ಇಳಕಲ್ಲಿನ ಹಿರಿಯ ನೇಕಾರರು ಐದಾರು ಮಂದಿ ಒಂದು ಸೀರೆ ಹಿಡಿದು ಠಾಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಸೀರೆಯಲ್ಲಿ ಅಂಚು ನಮ್ಮದೇ, ಸೆರಗಿನ ಕೆಂಪು ಬಿಳುಪಿನ ತೆನೆಯ ಚಿತ್ತಾರವೂ ನಮ್ಮದೇ, ಆದರೆ ಯಾವುದೋ ದೂರದ ಊರಿನ ಗಿರಣಿಯಲ್ಲಿ ತಯಾರಾಗಿ ಇಳಕಲ್ ಸೀರೆ ಅಂತಲೇ ಪ್ಯಾಟಿಯಲ್ಲಿ ಮಾರಾಟಕ್ಕೆ ಬಂದಿತ್ತು. ಇದು ಕಳವು ಹೌದೋ ಅಲ್ಲೋ ಅಂತ ಅವರ ಪ್ರಶ್ನೆ. ಸಾಹೇಬರು ಸೀರೆಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ಕಾಯ್ದೆಯ ಪುಸ್ತಕ ತೆಗೆದರು. ಅವರನ್ನು ಕೂಡ್ರಿಸಿ ಚಹ ತರಿಸಿದರು, ಮತ್ತೆ ಪುಸ್ತಕ ತೆಗೆದರು. ಮರುವಾರ ಬಾಗಲಕೋಟೆಗೆ ಹೋಗಿ ವಕೀಲರನ್ನು ಕೇಳಿ ಬಂದರು. ಕಲಂ ಇರಲಿಲ್ಲ. ಊರಿನ ಹೆಸರು, ತಲೆತಲಾಂತರದ ಸೆರಗು, ಇವಕ್ಕೆ ಮಾಲಕ ಯಾರು ಅಂತ ಆಗಿನ ಯಾವ ಪುಸ್ತಕವೂ ಬರೆದಿರಲಿಲ್ಲ. ಅದನ್ನು ಹೇಳಿದಾಗ ಒಬ್ಬ ಮುದುಕ ಎದ್ದು ತಲೆಯ ಪಟಕಾ ಸರಿಮಾಡಿಕೊಂಡ. “ಹಂಡೆ ಕದ್ರ ಕಲಂ ಐತಿ, ಕೈಯಾಗಿನ ಕೆಲಸ ಕದ್ರ ಇಲ್ಲ ಅಂದಂಗಾತು. ಇರಲಿ ಬಿಡ್ರಿ,” ಎಂದು ಹೊರಟ. ಸಾಹೇಬರು ಆ ದಿನ ಚಹ ಕುಡಿಯಲಿಲ್ಲ.

ಅದಕ್ಕೇ ಇರಬೇಕು, ಎಂಬತ್ತರ ದಶಕದ ನಡುವೆ ಹೊಸ ಸುತ್ತೋಲೆ ಬಂದಾಗ ಅವರಿಗೆ ಹಬ್ಬವಾದಷ್ಟು ಖುಷಿ. ಹಾಡಿನ ಹಕ್ಕು ಯಾರದ್ದೋ ಅವರ ಅಪ್ಪಣೆ ಇಲ್ಲದೆ ಕ್ಯಾಸೆಟ್ಟು ನಕಲು ಮಾಡಿ ಮಾರಿದರೆ ಇನ್ನು ಮುಂದೆ ಪೊಲೀಸರೇ ಹೋಗಿ ಮಾಲು ಹಿಡಿಯಬಹುದು, ಸುಮ್ಮನಿರಬಾರದು ಅಂತ ಕಾಯ್ದೆ ಬಿಗಿಯಾಗಿತ್ತು. ಬೇರೆ ಠಾಣೆಗಳಲ್ಲಿ ಆ ಕಾಗದ ಎಲ್ಲಿ ಬಿತ್ತೋ. ಇವರು ಅದನ್ನು ಶಾಲೆಗೆ ತಂದು ನನಗೆ ಓದಿಸಿದರು. “ಕಾಣಲಾರದ್ದನ್ನ ಕದಿಯೂದೂ ಕಳವ ಅಂತ ಸರಕಾರಕ್ಕ ಈಗ ಗೊತ್ತಾತು ನೋಡ್ರಿ. ಇವತ್ತ ಹಾಡು, ನಾಳೆ ಸೆರಗು,” ಎಂದರು. ಮುಖದಲ್ಲಿ ಎಂಥ ಬೆಳಕಿತ್ತು!

ಮೊದಲ ಫಿರ್ಯಾದು ಬಂದದ್ದು ದೊಡ್ಡ ಊರಿನ ಒಂದು ಕ್ಯಾಸೆಟ್ ಕಂಪನಿಯಿಂದ. ಅವರ ಮನುಷ್ಯ ಸೂಟಕೇಸಿನೊಂದಿಗೆ ಬಂದು, ಬಸ್‌ಸ್ಟ್ಯಾಂಡಿನ ಬಾಜೂಕಿನ ಒಂದು ಡಬ್ಬಿ ಅಂಗಡಿಯಲ್ಲಿ ತಮ್ಮ ತತ್ವಪದದ ಕ್ಯಾಸೆಟ್ಟನ್ನು ನಕಲು ಮಾಡಿ ಮಾರುತ್ತಿದ್ದಾರೆಂದು ಬರೆದುಕೊಟ್ಟ. ಅಂಗಡಿ ಮಲ್ಲಪ್ಪನದು. ಹಾಡಿದಾಕೆ ಮಲ್ಲಪ್ಪನ ಹೆಂಡತಿ ನೀಲವ್ವ.

ನೀಲವ್ವನ ಹಾಡು ಇಳಕಲ್ಲಿನಲ್ಲಿ ಕೇಳದವರಿಲ್ಲ. ಗಂಡ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದರೆ ಆಕೆ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಹಾಡುತ್ತಿದ್ದಳು. ಮಗ್ಗದ ಸಪ್ಪಳದ ಮೇಲೂ ಆ ದನಿ ಓಣಿಯ ತುದಿಗೆ ಮುಟ್ಟುತ್ತಿತ್ತು. ಕಂಪನಿಯವರು ಕರೆದೊಯ್ದು ಹಾಡಿಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಉಡಿ ತುಂಬಿ ಕಳಿಸಿದ್ದರು. ಮರುವರ್ಷ ಎರಡನೇ ಬಾಣಂತನದಲ್ಲಿ ಆಕೆ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮೊದಲ ಮಗಳು ಸಂಗವ್ವ ಇನ್ನೂ ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದಳಷ್ಟೆ. ಮಲ್ಲಪ್ಪನಿಗೆ ಮಗ್ಗದ ಮುಂದೆ ಕೂಡಲಾಗಲಿಲ್ಲ. ಮಗ್ಗ ಬಿಟ್ಟು ಈ ಡಬ್ಬಿ ಅಂಗಡಿ ಹಾಕಿದ. ಜನ ನೀಲವ್ವನ ಕ್ಯಾಸೆಟ್ಟು ಕೇಳಿಕೊಂಡು ಬರುತ್ತಿದ್ದರು. ಕಂಪನಿ ಅದನ್ನು ಕಳಿಸುವುದು ನಿಲ್ಲಿಸಿತ್ತು. ಇವನು ತನ್ನ ಹತ್ತಿರ ಇದ್ದ ಒಂದರಿಂದ ಭರ್ತಿ ಮಾಡಿ ಕೊಡುತ್ತಿದ್ದ. ಅದು ತಪ್ಪೆಂದು ಅವನಿಗೆ ಹೊಳೆಯುವುದಾದರೂ ಹೇಗೆ? ಹೆಂಡತಿ ದನಿ.

ಸಾಹೇಬರು ಹಗಲಲ್ಲೇ ಹೋಗಿ ಮಾಲು ಹಿಡಿದರು. ಪಂಚರು ನಾನು ಮತ್ತು ಒಬ್ಬ ಕಿರಾಣಿ ಅಂಗಡಿಯವರು. ಬರೇ ಹಿಡಿದರೆ ಸಾಲದು, ನಕಲು ನಕಲೇ ಅಂತ ತೋರಿಸಬೇಕು ಎಂದು ಠಾಣೆಯಲ್ಲಿ ನಮ್ಮನ್ನು ಕೂಡ್ರಿಸಿ ಕ್ಯಾಸೆಟ್ಟುಗಳನ್ನು ಹಚ್ಚಿಸಿದರು. ಕಂಪನಿಯದು ಒಮ್ಮೆ, ಮಲ್ಲಪ್ಪನದು ಒಮ್ಮೆ. ಆ ಯಂತ್ರ ನಡೆಸಲು ಅಲ್ಲಿ ಯಾರಿಗೂ ಬಾರದು. ಹಾಗಾಗಿ ಗುಂಡಿ ಒತ್ತುವ ಕೆಲಸ ಆರೋಪಿಯ ಪಾಲಿಗೇ ಬಂತು. ಮಲ್ಲಪ್ಪ ನೆಲಕ್ಕೆ ಕೂತು ಗುಂಡಿ ಒತ್ತುತ್ತಿದ್ದ, ಅವನ ಹೆಂಡತಿ ಹಾಡುತ್ತಿದ್ದಳು, ಸಾಹೇಬರು “ಅದೇ ದನಿ, ಅದೇ ಪದ” ಅಂತ ಬರೆದು ಪೆನ್ನನ್ನು ಕೂದಲಿಗೆ ಒರೆಸಿಕೊಳ್ಳುತ್ತಿದ್ದರು. ನಾವು ಹೂಂ ಅನ್ನುತ್ತಿದ್ದೆವು. ಠಾಣೆಯ ಬಾಗಿಲಲ್ಲಿ ನಿಂತ ಜನ ಚಪ್ಪಲಿ ಬಿಟ್ಟು ನಿಂತಿದ್ದರು.

ಎಲ್ಲವಕ್ಕೂ ಒಂದೇ ತರದ ಬಿಳಿ ಚೀಟಿ. ಹಾಗೇ ಒಂದು ಕ್ಯಾಸೆಟ್ಟು ಮುಗಿದಾಗ ಸಾಹೇಬರು, ಇದರ ಇನ್ನೊಂದು ಬಾಜು ಹಚ್ಚು ಅಂದರು. ಮಲ್ಲಪ್ಪ ಹಚ್ಚಲಿಲ್ಲ. ಅದರಲ್ಲಿ ಹಾಡಿಲ್ಲರೀ ಅಂದ. ಏನಿದೆ ಅದನ್ನೇ ಹಚ್ಚು ಅಂದರು. ಹಚ್ಚಿದ.

ಮೊದಲು ಪಾತ್ರೆಯ ಸಪ್ಪಳ. ಆಮೇಲೆ ನೀಲವ್ವ, ಹಾಡುವ ದನಿಯಲ್ಲಿ ಅಲ್ಲ, ಅಡುಗೆಮನೆಯ ದನಿಯಲ್ಲಿ: “ಏ ಸಂಗಿ, ಕಂಡಿಕಿ ಬಾಯಾಗ ಹಾಕಬ್ಯಾಡ. ಉಗಳು. ಉಗಳವಾ ನನ್ನವ್ವ.” ಮತ್ತೆ ಪಾತ್ರೆ. “ಏನ್ರಿ, ಅದರಾಗ ಕೆಂಪ ದೀಪ ಯಾಕ ಹತ್ತೇತಿ? ಅಯ್ಯ, ನನ್ನ ಮಾತ ಹಿಡ್ಯಾಕತ್ತೀರೇನು? ಮಾತ ಏನ ಹಿಡೀತೀರಿ, ಹೇಳಿದ್ರ ಹಾಡ್ತಿದ್ನೆಲ್ಲ.” ಅಷ್ಟು ಹೇಳಿ ಆಕೆ ನಕ್ಕಳು. ನಗು ಅರ್ಧದಲ್ಲಿ ಕಡಿದು ಬರೇ ಸರಸರ ಉಳಿಯಿತು. ಯಂತ್ರ ಹೊಸದಾಗಿ ತಂದ ದಿನ ಆಕೆಗೆ ತಿಳಿಯದ ಹಾಗೆ ಹಿಡಿದದ್ದಂತೆ. ಆಕೆ ಬರೇ ಮಾತಾಡಿದ್ದು ಎಂದರೆ ಈ ಲೋಕದಲ್ಲಿ ಅದೊಂದೇ.

ಸಾಹೇಬರು ಪೆನ್ನಿನ ಮುಳ್ಳನ್ನು ಕೂದಲಿಗೆ ಒರೆಸಿಕೊಂಡರು. ಆಮೇಲೆ ಬರೆದರು: ಒಂದು ಕ್ಯಾಸೆಟ್ಟಿನ ಎರಡನೇ ಬಾಜುವಿನಲ್ಲಿ ಒಬ್ಬ ಹೆಂಗಸಿನ ಮಾತು ಇದ್ದು, ಪ್ರಕರಣಕ್ಕೆ ಸಂಬಂಧಪಡುವುದಿಲ್ಲ. ಮಲ್ಲಪ್ಪ ಕೇಳಿದ್ದು ಒಂದೇ. ಉಳಿದದ್ದೆಲ್ಲ ಒಯ್ಯಿರಿ, ಇದೊಂದು ಬಿಡ್ರಿ. ಬೇರೆ ಯಾವ ಫೌಜದಾರನಾದರೂ ಬಿಡುತ್ತಿದ್ದ. ಮೇಜಿನ ಕೆಳಗೆ ಸರಿಸಿದರೆ ಕೇಳುವವರು ಯಾರು? ಕಂಪನಿಯ ಮನುಷ್ಯನೂ ಆ ಹೊತ್ತಿಗೆ ಹೊರಗೆ ಪಾನ ಹಾಕಿಕೊಳ್ಳುತ್ತಿದ್ದ. ಆದರೆ ಇವರು ಅಂಥವರಲ್ಲ. ಹಿಡಿದ ಮಾಲು ಎಷ್ಟೋ ಬರೆದದ್ದೂ ಅಷ್ಟೇ ಇರಬೇಕು. ಹೆಚ್ಚು ಕಮ್ಮಿ ಆದರೆ ಇಡೀ ಪಂಚನಾಮೆ ಸುಳ್ಳು.

“ಬರದದ್ದು ಬರದಾತು ತಮ್ಮಾ. ಇದು ಎಲ್ಲಿ ಹೋಗತೈತಿ? ಕೋರ್ಟಿನಾಗ ಭದ್ರ ಇರತೈತಿ. ಕೇಸ ಮುಗೀಲಿ, ಮಾಲು ಮಾಲಕಗ ಬರತೈತಿ. ನಾ ಇದ್ದೇನಿ,” ಎಂದರು.

ಮನಸಾರೆ ಹೇಳಿದರು, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವರ ಇಡೀ ನೌಕರಿಯಲ್ಲಿ ಕೇಸು ಮುಗಿದ ಮೇಲೆ ಹಂಡೆ ಹಂಡೆಯವಳಿಗೆ, ಎತ್ತು ಎತ್ತಿನವನಿಗೆ ಹೋಗಿತ್ತು. ಇದೂ ಹಾಗೇ ಅಂತ ಅವರು ನಂಬಿದ್ದರು, ಅವರನ್ನು ನಂಬಿ ಮಲ್ಲಪ್ಪ ನಂಬಿದ. ಇಳಕಲ್ಲಿನ ಕೇಸುಗಳು ಹುನಗುಂದದ ಕೋರ್ಟಿಗೆ ಹೋಗುತ್ತಿದ್ದವು. ಅವನ ವಕೀಲರು, ನಮ್ಮ ಕಡೆ ಹುರುಳಿದೆ, ಬಡಿದಾಡೋಣ ಅಂದರೂ ಮಲ್ಲಪ್ಪ ಕೇಳಲಿಲ್ಲ. ಕೇಸು ಬೇಗ ಮುಗಿದರೆ ಕ್ಯಾಸೆಟ್ಟು ಬೇಗ ಬರುತ್ತದಲ್ಲ! ಮೊದಲ ತಾರೀಖಿಗೇ ಕಟಕಟೆಯಲ್ಲಿ ಕೈಮುಗಿದು ತಪ್ಪಾಗೇತಿ ಅಂದುಬಿಟ್ಟ.

ನ್ಯಾಯಾಧೀಶರು ಕರುಣೆಯವರೇ. ಸಣ್ಣ ದಂಡ ಹಾಕಿ ಬಿಟ್ಟರು. ಆಮೇಲೆ ಮುದ್ದೆಮಾಲಿನ, ಅಂದರೆ ಹಿಡಿದ ಮಾಲಿನ, ಮಾತು ಬಂತು. ಕಾಯ್ದೆ ಏನು ಹೇಳುತ್ತದೋ ಅದನ್ನೇ ಓದಿದರು: ನಕಲು ಪ್ರತಿಗಳೆಲ್ಲವನ್ನೂ ಹಕ್ಕಿನ ಮಾಲಕರ ವಶಕ್ಕೆ ಕೊಡತಕ್ಕದ್ದು. ಹಕ್ಕಿನ ಮಾಲಕರು ಕಂಪನಿಯವರು. ಸಾಹೇಬರು ಎದ್ದು ನಿಂತು, ಅದರಲ್ಲಿ ಒಂದು ಕ್ಯಾಸೆಟ್ಟು ಮಲ್ಲಪ್ಪನದೇ ಅಂದರು. ಅರ್ಜಿ ಇಲ್ಲ, ಯಾರೂ ಕೇಳಿಲ್ಲ, ಪಂಚನಾಮೆಯಲ್ಲೂ ಸಂಬಂಧವಿಲ್ಲ ಅಂತ ತಾವೇ ಬರೆದಿದ್ದೀರಲ್ಲ ಎಂದರು ನ್ಯಾಯಾಧೀಶರು. ಮುಂದಿನ ಕೇಸು ಕೂಗಿದರು.

ಹೊರಗೆ ಓಡಿದೆವು. ಕಂಪನಿಯ ಮನುಷ್ಯ ಚೀಲವನ್ನು ಜೀಪಿಗೆ ಹಾಕಿಸಿದ್ದ. ಸಾಹೇಬರು ಅವನ ಕೈ ಹಿಡಿದು ಕೇಳಿಕೊಂಡರು. ಅವನೂ ಕೆಟ್ಟವನಲ್ಲ. “ಯಾವುದ್ರಿ ಸಾಹೇಬ್ರ ಅದು? ಎಲ್ಲಾ ಒಂದ ಸವನ ಅದಾವಲ್ರಿ,” ಎಂದು ಚೀಲದ ಬಾಯಿ ಬಿಚ್ಚಿ ತೋರಿಸಿದ. ಎಲ್ಲಾ ಬಿಳಿ ಚೀಟಿ. ಹಚ್ಚಿ ನೋಡಲು ಯಂತ್ರವೂ ಅಲ್ಲಿರಲಿಲ್ಲ. ಊರಿಗೆ ಹೋಗಿ ಹುಡುಕಿಸಿ ಕಳಿಸುತ್ತೇನೆ ಅಂದ. ಮಲ್ಲಪ್ಪ ಬೇವಿನ ಗಿಡದ ಕೆಳಗೆ ನಿಂತಿದ್ದ. ಜೀಪು ಹೋದ ಮೇಲೆ ಸಾಹೇಬರ ಹತ್ತಿರ ಬಂದು, “ಈಗ ಕೊಡತಾರೇನ್ರಿ?” ಅಂತ ಕೇಳಿದ. ಸಾಹೇಬರು ಟೊಪ್ಪಿಗೆ ತೆಗೆದರು. ಅವರು ಹೊರಗೆ ಟೊಪ್ಪಿಗೆ ತೆಗೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕ್ಯಾಸೆಟ್ಟು ಬರಲಿಲ್ಲ. ರಜೆ ಹಾಕಿ ಅವರೇ ಕಂಪನಿಯ ಊರಿಗೆ ಹೋದರು. ಹಿಡಿದು ತಂದ ಕ್ಯಾಸೆಟ್ಟುಗಳನ್ನು ಅಲ್ಲಿ ಬಿಸಾಡುತ್ತಿರಲಿಲ್ಲ. ಯಂತ್ರಕ್ಕೆ ಹಿಡಿದು ಒಳಗಿನದನ್ನು ಅಳಿಸಿ, ಬೇರೆ ಹಾಡು ತುಂಬಿ, ಹೊಸ ಚೀಟಿ ಹಚ್ಚಿ ಅಂಗಡಿಗಳಿಗೆ ಕಳಿಸುತ್ತಿದ್ದರು. ನೀಲವ್ವನವು ಹಾಗೇ ಹೋಗಿದ್ದವು. ಎಲ್ಲಿಗೆ ಅಂತ ಯಾರಿಗೆ ಗೊತ್ತು? ತಿರುಗಿ ಬರುವಾಗ ಯಾವನೋ ರೇಡಿಯೊ ರಿಪೇರಿಯವ ಅವರ ಕಿವಿಯಲ್ಲಿ ಒಂದು ಮಾತು ಹಾಕಿದ. ಸರಿಯಾಗಿ ಅಳಿಸದಿದ್ದರೆ ಹಾಡಿನ ಸಂದಿಯಲ್ಲಿ ಹಳೇ ದನಿ ಸಣ್ಣಗೆ ಉಳಿದಿರುತ್ತದೆ ಅಂತ. ಅವನು ಸಮಾಧಾನಕ್ಕೆ ಹೇಳಿದನೋ ಖರೆಯೋ, ಆ ಮಾತು ಇವರ ಉಳಿದ ಆಯುಷ್ಯವನ್ನು ತಿಂದಿತು.

ನಿವೃತ್ತರಾಗಿ ಬಾಗಲಕೋಟೆಗೆ ಬಂದರು. ನನಗೂ ಅದೇ ಊರಿಗೆ ವರ್ಗವಾಯಿತು. ಡ್ಯಾಮಿನ ನೀರು ಬರುತ್ತದೆಂದು ಓಣಿಯ ಮನೆಗಳ ಗೋಡೆಗೆಲ್ಲ ನಂಬರು ಬರೆದು ಹೋಗಿದ್ದರು. ಜನರಿಗೆ ಅದರದೇ ಚಿಂತೆ, ಇವರಿಗೆ ಅದರ ಪರಿವೆಯೇ ಇಲ್ಲ. ಸಂಜೆ ನಮ್ಮ ಕಟ್ಟೆಗೆ ಬಂದು ಕೂತು, ಏನೂ ಪೀಠಿಕೆ ಇಲ್ಲದೆ, “ಆಕಿ ‘ನನ್ನವ್ವ’ ಅಂದ್ಲೋ ‘ನನ್ನ ತಾಯಿ’ ಅಂದ್ಲೋ?” ಅಂತ ಕೇಳುವರು. ನನಗೆ ‘ನನ್ನ ತಾಯಿ’ ಅಂದ ನೆನಪು. ಅವರದು ‘ನನ್ನವ್ವ’. ಮೇಲೆ ನಾನು ಬರೆದಿರುವುದು ಅವರು ಸ್ಥಿರ ಮಾಡಿದ ಪಾಠ. ಕೆಂಪು ದೀಪ ‘ಹತ್ತೇತಿ’ಯೋ ‘ಉರಿಯಾಕತ್ತೇತಿ’ಯೋ ಅಂತಲೂ ಜಗಳಾಡಿದ್ದೇವೆ. ಅಂದು ಪಂಚನಾಮೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದರೆ ಇಂದು ಹೀಗೆ ತಡವುವ ಪಾಳಿ ಬರುತ್ತಿರಲಿಲ್ಲ ಎಂದು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ನಾನು ಒಮ್ಮೆ ರೇಗಿದೆ. ಕಾಯ್ದೆಯೇ ಹಾಗಿದೆ, ಕಂಪನಿಯವರು ಅನ್ಯಾಯಗಾರರು, ನೀವೇನು ಮಾಡುತ್ತೀರಿ, ಸಾಕು ಬಿಡಿ ಎಂದೆ.

“ಕಾಯ್ದೆ ತಪ್ಪಲ್ಲ ಮಾಸ್ತರ,” ಎಂದರು. “ಹಾಡಿದವರಿಗೆ, ಬರದವರಿಗೆ ಕಾಯ್ದೆ ಬೇಕ. ಕಂಪನಿಯವ ಸುಳ್ಳು ಹೇಳಲಿಲ್ಲ. ನಾ ಸುಳ್ಳು ಬರೀಲಿಲ್ಲ. ಮಲ್ಲಪ್ಪನೂ ಖರೇನ ಹೇಳಿದಾ. ಎಲ್ಲಾರೂ ಖರೇ ಇದ್ವಿ. ಹಂಗಾರ ಆಕಿ ದನಿ ಕದ್ದವರು ಯಾರು?”

ನನ್ನ ಹೆಂಡತಿ ಒಳಗಿನಿಂದ ಚಹ ತಂದಿಟ್ಟಳು. ಅವರು ಬಸಿಗೆ ಸುರುವಿಕೊಳ್ಳಲು ಮರೆತು ಬಿಸಿ ಬಿಸಿಯಾಗೇ ಕುಡಿದು ಬಾಯಿ ಸುಟ್ಟುಕೊಂಡರು.

ಒಂದು ಶನಿವಾರ ತುಳಸಿಗೇರಿಗೆ ಹೋಗಬೇಕಾದವರು ನನ್ನನ್ನು ಇಳಕಲ್ಲಿಗೆ ಎಳೆದುಕೊಂಡು ಹೋದರು. ಮಲ್ಲಪ್ಪನ ಮುಖ ನೋಡುವ ಧೈರ್ಯ ಅಷ್ಟು ದಿನ ಇರಲಿಲ್ಲ, ಅಂದು ಎಲ್ಲಿಂದ ಬಂತೋ. ಮಲ್ಲಪ್ಪ ಮತ್ತೆ ಮಗ್ಗಕ್ಕೆ ಕೂತಿದ್ದ. ಬೈಯುತ್ತಾನೆ, ಬೈದರೆ ಒಳ್ಳೆಯದು ಅಂತ ನಾವು ಹೋದದ್ದು. ಅವನು ಚಾಪೆ ಹಾಸಿದ, ಚಹ ಮಾಡಿಸಿದ, “ನೀವೇನ ಮಾಡ್ತೀರಿ ಸಾಹೇಬ್ರ, ನನ್ನ ನಶೀಬ,” ಎಂದ. ಬೈದಿದ್ದರೆ ಚೆನ್ನಾಗಿತ್ತು. ಸಂಗವ್ವ ಆಗಲೇ ಲಂಗ ಉಡುವ ಹುಡುಗಿ, ಕಂಬ ಹಿಡಿದು ನಿಂತಿದ್ದಳು. ಅವ್ವ ಆ ಕ್ಯಾಸೆಟ್ಟಿನಲ್ಲಿ ಏನಂದಿದ್ದಳು ಅಂತ ದಿನಾ ಕೇಳುತ್ತಾಳಂತೆ. ಹಾಡು ಈಗಲೂ ಅಲ್ಲಿ ಇಲ್ಲಿ ಕೇಳಿಬರುತ್ತದೆ, ಹಾಡು ಬೇಡ, ತನಗೆ ಅಂದದ್ದು ಬೇಕು. “ನನಗ ಹೇಳಾಕ ಬರವಲ್ತರಿ. ಆಕಿ ಕೇಳಿದ್ರ ಎದ್ದ ಮಗ್ಗಕ್ಕ ಹೋಗತೇನಿ,” ಎಂದ ಮಲ್ಲಪ್ಪ.

ಸಾಹೇಬರು ಎದ್ದರು. ಸಾಕ್ಷಿಕಟ್ಟೆಯಲ್ಲಿ ನಿಲ್ಲುವ ಹಾಗೆ ಕೈ ಎರಡೂ ಬದಿಗಿಳಿಸಿ ನಿಂತರು. ತಮ್ಮ ಒಡಕು ಗಂಟಲಿನಲ್ಲಿ, “ಏ ಸಂಗಿ, ಕಂಡಿಕಿ ಬಾಯಾಗ ಹಾಕಬ್ಯಾಡ,” ಅಂತ ಶುರುಮಾಡಿದರು. ಎಲ್ಲಿ ಪಾತ್ರೆಯ ಸಪ್ಪಳವೋ ಅಲ್ಲಿ, “ಇಲ್ಲಿ ಭಾಂಡೆ ಸಪ್ಪಳ,” ಅಂದರು. ಕೊನೆಗೆ, “ಹೇಳಿದ್ರ ಹಾಡ್ತಿದ್ನೆಲ್ಲ,” ಅಂದು, ಒಂದು ಕ್ಷಣ ನಿಂತು, “ಇಲ್ಲಿ ನಗ್ತಾಳ,” ಎಂದರು. ಪಂಚನಾಮೆ ಓದಿ ಹೇಳಿದ ಹಾಗೇ ಇತ್ತು. ಇಷ್ಟು ಹೊಟ್ಟೆ, ಇಷ್ಟು ವಿಭೂತಿ, ಆ ಇಲಿಬಾಲದ ಮೀಸೆ, ಬಾಯಿಂದ ಬಾಣಂತನದಲ್ಲಿ ಸತ್ತ ಹೆಣ್ಣುಮಗಳ ಮಾತು. ನಗು ಬರಬೇಕಿತ್ತು. ನನಗೆ ಬರಲಿಲ್ಲ.

ಸಂಗವ್ವ ನಗಲಿಲ್ಲ, ಅಳಲೂ ಇಲ್ಲ. “ಇನ್ನೊಮ್ಮೆ ಅನ್ರಿ,” ಎಂದಳು. ಅವರು ಇನ್ನೊಮ್ಮೆ ಅಂದರು.

ಆಮೇಲೆ ಮೇಲಿಂದ ಮೇಲೆ ಹೋಗುತ್ತಿದ್ದರು. ಕಲಾದಗಿಯ ದಾಳಿಂಬೆ ಬಂದ ಕಾಲಕ್ಕೆ ಒಂದೆರಡು ಹಣ್ಣು ಚೀಲದಲ್ಲಿ. ಹೋಗಿ, ನಿಂತು, ಅಂದು, ಬರುವರು. ಒಂದಕ್ಷರ ಆಚೀಚೆ ಆದರೆ ಹುಡುಗಿ ತಿದ್ದುತ್ತಿದ್ದಳಂತೆ. ಒಮ್ಮೆಯಾದರೂ ಆ ನಗು ನಕ್ಕು ತೋರಿಸಲು ಅವರು ಯತ್ನ ಮಾಡಲಿಲ್ಲ. ಯಾಕೆ ಅಂತ ಕೇಳಿದೆ. ಮಾತು ಯಾರು ಬೇಕಾದರೂ ಒಯ್ದು ಮುಟ್ಟಿಸಬಹುದು, ನಗು ಹಾಗಲ್ಲ, ಅದು ನನ್ನ ಕೈಯಿಂದ ಆಗದು ಎಂದರು. ಮನೆಗೆ ಬಂದು ಮತ್ತೆ ಯಂತ್ರಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಮಾತನ್ನಲ್ಲ, ಆ ಅರ್ಧ ನಗುವನ್ನು.

ಅವರು ತೀರಿಕೊಂಡ ದಿನ ಯಂತ್ರದಲ್ಲಿದ್ದದ್ದು ಯಾವುದೋ ಮದುವೆಯ ಬ್ಯಾಂಡಿನ ಕ್ಯಾಸೆಟ್ಟು. ಮಣ್ಣು ಮಾಡಿ ಬಂದ ಮೇಲೆ ನಾನು ಅದರ ಎರಡೂ ಬಾಜು ಕೇಳಿದೆ. ಏನೂ ಇರಲಿಲ್ಲ. ಅವರ ಮನೆಯವರು ಉಳಿದ ಕ್ಯಾಸೆಟ್ಟುಗಳನ್ನೆಲ್ಲ ನಮ್ಮ ಮನೆಗೆ ಕಳಿಸಿಕೊಟ್ಟರು. ಅವನ್ನು ಅಟ್ಟಕ್ಕೆ ಹಾಕಿದ್ದೇನೆ. ಕೇಳಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ.

ಮೊನ್ನೆ ಇಳಕಲ್ಲಿಗೆ ಹೋದೆ, ಯಾರಾದರೂ ಹೋಗಿ ಹೇಳಬೇಕಲ್ಲ. ಮಲ್ಲಪ್ಪನಿಗೆ ಸುದ್ದಿ ಮುಟ್ಟಿತ್ತು. ಕುಣಿಯಿಂದ ಎದ್ದು ಬಂದು ಕೈಹಿಡಿದು ಸ್ವಲ್ಪ ಹೊತ್ತು ಕೂತ. ಒಳ್ಳೆಯವರಿದ್ದರು ಎಂದ. ಮಗ್ಗದ ಎಳೆ ಒಣಗುತ್ತದೆ ಎಂದು ಮತ್ತೆ ಒಳಗೆ ಹೋದ. ಮಗ್ಗದ ಸಪ್ಪಳ ಶುರುವಾಯಿತು. ಸಂಗವ್ವ ನನ್ನ ಮುಂದೆ ಬಂದು ನಿಂತಳು. ಈಗ ಆಕೆಯೇ ಅಪ್ಪನಿಗೆ ಕಂಡಿಕೆ ಸುತ್ತುತ್ತಾಳೆ, ಬೆರಳಿಗೆ ಕೆಂಪು ನೂಲಿನ ಬಣ್ಣ ಹತ್ತಿತ್ತು.

“ಸಾಹೇಬ್ರು ಇಲ್ಲಲ್ಲ. ಈಗ ನೀವು ಅನ್ರಿ,” ಎಂದಳು.

ಎದ್ದು ನಿಂತೆ. ಕೈ ತಾನಾಗಿ ಬದಿಗಿಳಿಯಿತು. ನೀಲವ್ವನ ದನಿ ಮನಸ್ಸಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ಸಾಹೇಬರ ಒಡಕು ಗಂಟಲು. ಆ ಮಾತು ನನ್ನ ಒಳಗೆ ಈಗ ಅವರ ದನಿಯಲ್ಲೇ ಇದೆ. ಹಾಗೇ ಅಂದೆ. ‘ನನ್ನವ್ವ’ ಅಂತಲೇ ಅಂದೆ. ಭಾಂಡೆ ಸಪ್ಪಳ ಹೇಳಿದೆ, ಕೆಂಪು ದೀಪ ಹೇಳಿದೆ. “ಮಾತ ಏನ ಹಿಡೀತೀರಿ, ಹೇಳಿದ್ರ ಹಾಡ್ತಿದ್ನೆಲ್ಲ,” ಅಂದು, ಇಲ್ಲಿ ನಗ್ತಾಳ ಅನ್ನಲು ಬಾಯಿ ತೆರೆದೆ.

ನಾನು ಅನ್ನುವ ಮೊದಲೇ ಹುಡುಗಿ ನಕ್ಕಳು. ನನ್ನ ಅವತಾರ ನೋಡಿ ನಕ್ಕಳೋ, ಯಾಕೋ, ಅದು ನನಗೆ ಗೊತ್ತಿಲ್ಲ. ಠಾಣೆಯಲ್ಲಿ ಅರ್ಧಕ್ಕೆ ಕಡಿದದ್ದು ಇಲ್ಲಿ ಪೂರ್ತಿಯಾಗಿ ಕೇಳಿತು.

ಒಳಗೆ ಮಗ್ಗ ನಿಂತಿತು.

“ನೀಲೀ?” ಎಂದ ಮಲ್ಲಪ್ಪ, ಕುಣಿಯೊಳಗಿಂದ.

ಸಂಗವ್ವ ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, “ನಾ, ಎಪ್ಪಾ,” ಎಂದಳು. ಮಗ್ಗ ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.